ಮೇಲೆ-ಕೆಳಗೆ ಸರಿಯುವ ಅಲ್ಯೂಮಿನಿಯಂ ಕಿಟಕಿ: ಆರ್ಡರ್ ಕೊಡುವುದರಿಂದ ಕೂರಿಸುವವರೆಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊಸ ಮನೆಗಳಲ್ಲಿ ಅಲ್ಯೂಮಿನಿಯಂ ಕಿಟಕಿ ಎಂದರೆ ಬಹುತೇಕ ಅಡ್ಡ ಸರಿಯುವ ಎರಡು ಅಥವಾ ಮೂರು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿಯೇ. ಡಬಲ್ ಹಂಗ್ ಎನ್ನುವ, ಮೇಲೆ-ಕೆಳಗೆ ಸರಿಯುವ ಕಿಟಕಿಯ ರಚನೆ ಬೇರೆ. ಒಂದೇ ಚೌಕಟ್ಟಿನಲ್ಲಿ ಎರಡು ಶಟರ್ ಒಂದರ ಮೇಲೊಂದು ಇರುತ್ತವೆ. ಕೆಳಗಿನದನ್ನು ಮೇಲಕ್ಕೆ ಎತ್ತಬಹುದು, ಮೇಲಿನದನ್ನು ಕೆಳಕ್ಕೆ ಇಳಿಸಬಹುದು. ಸ್ಲೈಡಿಂಗ್ ಕಿಟಕಿಯಲ್ಲಿ ಶಟರಿನ ಭಾರವನ್ನು ಕೆಳಗಿನ ಟ್ರ್ಯಾಕ್ ಮತ್ತು ಗಾಲಿ ಹೊರುತ್ತವೆ. ಡಬಲ್ ಹಂಗ್‌ನಲ್ಲಿ ಆ ಭಾರ ಎರಡೂ ಬದಿಯ ಸ್ಪ್ರಿಂಗ್ ಬ್ಯಾಲೆನ್ಸ್‌ಗಳ ಮೇಲೆ ತೂಗುತ್ತದೆ. ಹಾಗಾಗಿ ಶಟರಿನ ತೂಕಕ್ಕೆ ಹೊಂದುವ ಬ್ಯಾಲೆನ್ಸ್ ಮತ್ತು ಮೂಲೆಮಟ್ಟ ತಪ್ಪದ ಚೌಕಟ್ಟು, ಈ ಎರಡರಲ್ಲಿ ಯಾವುದು ಕೈಕೊಟ್ಟರೂ ಎಷ್ಟು ದುಬಾರಿ ಗಾಜು ಹಾಕಿದರೂ ಕಿಟಕಿ ನೆಟ್ಟಗೆ ನಡೆಯುವುದಿಲ್ಲ. ನಮ್ಮ ಕಡೆಯ ಬಹಳಷ್ಟು ವರ್ಕ್‌ಶಾಪ್‌ಗಳ ಕೈ ಪಳಗಿರುವುದು ಸ್ಲೈಡಿಂಗ್ ಕೆಲಸದಲ್ಲಿ. ಆದ್ದರಿಂದ ಇದನ್ನು ಮಾಡಿಸುವವರು ತಾವೇ ನಾಲ್ಕು ವಿಷಯ ತಿಳಿದು ಕೇಳಬೇಕಾಗುತ್ತದೆ.

ಎಲ್ಲಿ ಹೊಂದುತ್ತದೆ, ಎಲ್ಲಿ ಬೇಡ

ಅಗಲ ಕಡಿಮೆ, ಎತ್ತರ ಹೆಚ್ಚು ಇರುವ ಜಾಗಕ್ಕೆ ಈ ಕಿಟಕಿ ಹೇಳಿ ಮಾಡಿಸಿದ್ದು. ಎರಡು ಅಡಿಯಿಂದ ಮೂರು ಅಡಿ ಅಗಲ, ನಾಲ್ಕರಿಂದ ಐದು ಅಡಿ ಎತ್ತರ ಇದ್ದರೆ ಒಳ್ಳೆಯದು. ಶಟರ್ ಹೊರಗೂ ಚಾಚುವುದಿಲ್ಲ, ಒಳಗೂ ಚಾಚುವುದಿಲ್ಲ. ಪಕ್ಕದ ಮನೆಯ ಗೋಡೆ ಹತ್ತಿರವಿರುವ ಓಣಿಯ ಕಡೆ, ನಡೆದಾಡುವ ಪಡಸಾಲೆಯ ಕಡೆ, ಅಡುಗೆಕಟ್ಟೆಯ ಹಿಂದೆ ಇದರಿಂದ ಅನುಕೂಲ.

ಗಾಳಿಯ ವಿಷಯದಲ್ಲಿ ವಿಜಯಪುರ, ಬಾಗಲಕೋಟೆಯ ಬೇಸಿಗೆಗೆ ಇದರ ಉಪಯೋಗ ದೊಡ್ಡದು. ಏಪ್ರಿಲ್-ಮೇ ತಿಂಗಳಲ್ಲಿ ಹಗಲಿನ ತಾಪ 40 ಡಿಗ್ರಿ ದಾಟುತ್ತದೆ, ರಾತ್ರಿ ಹೊರಗಿನ ಗಾಳಿ ತಂಪಾದರೂ ಸ್ಲ್ಯಾಬಿನ ಕೆಳಗೆ ಬಿಸಿ ಕೂತಿರುತ್ತದೆ. ಮೇಲಿನ ಶಟರ್ ಒಂದು ಗೇಣು ಇಳಿಸಿ, ಕೆಳಗಿನದನ್ನು ಅಷ್ಟೇ ಎತ್ತಿದರೆ ಬಿಸಿ ಗಾಳಿ ಮೇಲಿನಿಂದ ಹೊರಹೋಗಿ, ತಂಪು ಗಾಳಿ ಕೆಳಗಿನಿಂದ ಒಳಬರುತ್ತದೆ. ಇದು ಚೆನ್ನಾಗಿ ನಡೆಯಬೇಕಾದರೆ ಕಿಟಕಿಯ ತಲೆ ಲಿಂಟಲ್ ಮಟ್ಟದವರೆಗೂ ಹೋಗಬೇಕು. ಆದರೆ ಎಷ್ಟು ತೆರೆದರೂ ಗಾಳಿಗೆ ಸಿಗುವುದು ಒಟ್ಟು ಕಿಟಕಿಯ ಅರ್ಧದಷ್ಟು ಜಾಗ ಮಾತ್ರ. ಒಂದೇ ಕಿಟಕಿ ಇರುವ ಕೋಣೆಗೆ ಪೂರ್ತಿ ತೆರೆಯುವ ಬಾಗಿಲಿನಂಥ ಶಟರೇ ಮೇಲು.

ನಾಲ್ಕು ಅಡಿ ಅಗಲಕ್ಕೆ ಒಂದೇ ಡಬಲ್ ಹಂಗ್ ಹಾಕಿಸಬೇಡಿ. ಶಟರಿನ ಎತ್ತರಕ್ಕಿಂತ ಅಗಲ ಬಹಳ ಹೆಚ್ಚಾದರೆ ಒಂದು ಬದಿ ಮುಂದೆ, ಇನ್ನೊಂದು ಬದಿ ಹಿಂದೆ ಉಳಿದು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಅಂಥ ಕಡೆ ನಡುವೆ ಕಂಬ ಕೊಟ್ಟು ಎರಡು ಕಿಟಕಿ ಮಾಡಿಸಿ, ಇಲ್ಲವೇ ಸ್ಲೈಡಿಂಗ್ ಹಾಕಿಸಿ.

ಮನೆ ಎರೆಮಣ್ಣಿನ ಜಾಗದಲ್ಲಿದ್ದರೆ ಮೊದಲು ಗೋಡೆ ನೋಡಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಹಳೆಯ ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕು ಹೋಗಿದ್ದರೆ, ಮಳೆಗಾಲದಲ್ಲಿ ಬಿಗಿಯಾಗಿ ಬೇಸಿಗೆಯಲ್ಲಿ ಸಡಿಲಾಗುವ ಬಾಗಿಲುಗಳಿದ್ದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದರ್ಥ. ಅಲ್ಲಿ ಹೊಸ ಕಿಟಕಿ ಕೂರಿಸಿದರೆ ಒಂದೆರಡು ವರ್ಷದಲ್ಲಿ ಅದೂ ಮೂಲೆಮಟ್ಟ ತಪ್ಪುತ್ತದೆ. ಪಾಯ, ಮನೆಯ ಸುತ್ತ ನೀರು ನಿಲ್ಲುವ ಜಾಗ, ಲಿಂಟಲ್ ಎರಡೂ ಬದಿ ಗೋಡೆಯ ಮೇಲೆ ಕನಿಷ್ಠ 150 ಮಿ.ಮೀ ಕೂತಿದೆಯೇ ಎಂಬುದನ್ನು ಎಂಜಿನಿಯರಿಗೆ ತೋರಿಸಿ, ಆಮೇಲೆ ಕಿಟಕಿಯ ಮಾತು.

ಭಾಗಗಳು

ಹೊರ ಚೌಕಟ್ಟು: ತಲೆ, ಎರಡು ಪಕ್ಕ, ಹೊರಗೆ ಇಳಿಜಾರಿರುವ ತಳ. ಪಕ್ಕಗಳಲ್ಲಿ ಎರಡೆರಡು ಗಾಡಿ, ಅಂದರೆ ಶಟರ್ ಸರಿಯುವ ಉದ್ದ ತೋಡು. ಹೊರಗಿನ ಗಾಡಿಯಲ್ಲಿ ಮೇಲಿನ ಶಟರ್, ಒಳಗಿನ ಗಾಡಿಯಲ್ಲಿ ಕೆಳಗಿನ ಶಟರ್. ಈ ಕ್ರಮ ತಿರುವುಮುರುವಾದರೆ ಎರಡು ಶಟರ್ ಸೇರುವ ನಡುಪಟ್ಟಿಯಲ್ಲಿ ಮಳೆ ನೀರು ನಿಂತು ಒಳಗೆ ಬರುತ್ತದೆ. ಒಂದು ಶಟರಿಗೆ ಎರಡರಂತೆ ಒಂದು ಕಿಟಕಿಗೆ ನಾಲ್ಕು ಬ್ಯಾಲೆನ್ಸ್. ನಡುಪಟ್ಟಿಯ ಮೇಲೆ ಲಾಕ್. ಅಗಲ 750 ಮಿ.ಮೀ ದಾಟಿದರೆ ಎರಡು ಲಾಕ್ ಹಾಕಿಸಿ, ಒಂದೇ ಆದರೆ ನಡುಪಟ್ಟಿಯ ತುದಿಗಳು ಗಾಳಿಗೆ ಬಿಟ್ಟುಕೊಳ್ಳುತ್ತವೆ. ಇವುಗಳ ಜೊತೆ ವುಲ್ ಪೈಲ್ ಎನ್ನುವ ಕೂದಲಿನ ಪಟ್ಟಿ, ಗಾಜಿನ ರಬ್ಬರ್, ತಳದಲ್ಲಿ ನೀರು ಹೋಗುವ ತೂತುಗಳು. ಒಳಗೆ ವಾಲುವ ಮಾದರಿಯಾದರೆ ಶಟರಿನ ತಳದ ಎರಡೂ ಮೂಲೆಗೆ ತಿರುಗುವ ಕಡ್ಡಿ, ಅದು ಕೂರುವ ಪ್ಲಾಸ್ಟಿಕ್ ಶೂ, ಮೇಲಿನ ಮೂಲೆಗಳಲ್ಲಿ ಚಿಲಕ.

ಸೆಕ್ಷನ್ (ಚೌಕಟ್ಟು, ಶಟರ್ ಮಾಡುವ ಅಲ್ಯೂಮಿನಿಯಂ ಪಟ್ಟಿ) 6063 ಮಿಶ್ರಲೋಹದ್ದು, ಟಿ5 ಅಥವಾ ಟಿ6 ಹದದ್ದು ಇರಲಿ. ಅದರ ಲೋಹದ ದಪ್ಪ 1.4 ಮಿ.ಮೀಗಿಂತ ಕಡಿಮೆ ಬೇಡ. ತೆಳು ಸೆಕ್ಷನ್ನಿಗೆ ಸ್ಕ್ರೂ ಹಲ್ಲು ಹಿಡಿಯುವುದಿಲ್ಲ, ಪಕ್ಕದ ಪಟ್ಟಿಗಳು ಬೇಗ ಬಾಗುತ್ತವೆ. ಸ್ಲೈಡಿಂಗ್ ಸೆಕ್ಷನ್ನನ್ನೇ ತಿರುಗಿಸಿ ಡಬಲ್ ಹಂಗ್ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಅದರಲ್ಲಿ ಬ್ಯಾಲೆನ್ಸ್ ಕೂರಲು ಜಾಗವಿಲ್ಲ, ತಳಕ್ಕೆ ಇಳಿಜಾರಿಲ್ಲ. ಶಟರನ್ನು ಬರೀ ಕೊಕ್ಕೆ-ಚಿಲಕದ ಮೇಲೆ ನಿಲ್ಲಿಸಿದ ಕಿಟಕಿ ಒಂದು ದಿನ ಯಾರದಾದರೂ ಬೆರಳಿನ ಮೇಲೆ ಬೀಳುತ್ತದೆ. ಸೆಕ್ಷನ್, ಬ್ಯಾಲೆನ್ಸ್, ಶೂ, ಲಾಕ್ ಎಲ್ಲ ಒಂದೇ ವ್ಯವಸ್ಥೆಯಿಂದ ಬಂದ ಸೆಟ್ ಆಗಿರಬೇಕು.

ಬಣ್ಣಕ್ಕೆ 60ರಿಂದ 80 ಮೈಕ್ರಾನ್ ಪೌಡರ್ ಕೋಟಿಂಗ್ ಸಾಕು. ಆನೋಡೈಸ್ ಮಾಡಿಸುವುದಾದರೆ 15 ಮೈಕ್ರಾನ್‌ಗಿಂತ ಕಡಿಮೆ ಬೇಡ. ಸ್ಕ್ರೂಗಳು 304 ಸ್ಟೇನ್‌ಲೆಸ್ ಸ್ಟೀಲ್. ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ತೇವ ಸೇರಿದ ಕಡೆ ಸ್ಕ್ರೂ ತುಕ್ಕು ಹಿಡಿದು, ಅದರ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ಬೆಳಗಾವಿ, ಖಾನಾಪುರದ ಮಳೆಯಲ್ಲಿ ಇದು ಬೇಗ ಕಾಣಿಸುತ್ತದೆ.

ಗಾಜು, ತೂಕ, ಬ್ಯಾಲೆನ್ಸ್

ಇಡೀ ಕೆಲಸದ ಕೀಲಿ ಇಲ್ಲಿದೆ. ಗಾಜಿನ ತೂಕದ ಲೆಕ್ಕ ಸುಲಭ: ಒಂದು ಚದರ ಮೀಟರಿಗೆ, ದಪ್ಪದ ಪ್ರತಿ ಮಿಲಿಮೀಟರಿಗೆ 2.5 ಕಿಲೋ. ಅಂದರೆ 5 ಮಿ.ಮೀ ಗಾಜು ಚದರ ಮೀಟರಿಗೆ 12.5 ಕಿಲೋ, 6 ಮಿ.ಮೀ ಆದರೆ 15 ಕಿಲೋ.

ಮೂರು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಕಿಟಕಿ ತೆಗೆದುಕೊಳ್ಳೋಣ. ಒಂದು ಶಟರಿನ ಗಾಜು ಸುಮಾರು 780 × 600 ಮಿ.ಮೀ, ಅಂದರೆ 0.47 ಚದರ ಮೀಟರ್. 5 ಮಿ.ಮೀ ಗಾಜಾದರೆ 5.9 ಕಿಲೋ. ಶಟರಿನ ಸುತ್ತಳತೆ ಸುಮಾರು 3 ಮೀಟರ್. ಸೆಕ್ಷನ್ ಮೀಟರಿಗೆ 700 ಗ್ರಾಂ ಇದ್ದರೆ 2.1 ಕಿಲೋ. ಎರಡೂ ಸೇರಿ 8 ಕಿಲೋ, ಪ್ರತಿ ಬ್ಯಾಲೆನ್ಸಿನ ಪಾಲಿಗೆ 4 ಕಿಲೋ. ಇದೇ ಶಟರಿಗೆ ರಸ್ತೆಯ ಸದ್ದು, ಬಿಸಿಲು ತಡೆಯಲೆಂದು 5 ಮಿ.ಮೀಯ ಎರಡು ಗಾಜಿನ ನಡುವೆ ಗಾಳಿಯ ಸಂದು ಇರುವ ಜೋಡಿ ಗಾಜು ಹಾಕಿದರೆ ಗಾಜೇ 11.7 ಕಿಲೋ ಆಗುತ್ತದೆ. ಶಟರ್ ಸುಮಾರು 14 ಕಿಲೋ ಆಗಿ ಪ್ರತಿ ಬ್ಯಾಲೆನ್ಸ್ ಸುಮಾರು 7 ಕಿಲೋ ಹೊರಬೇಕು. ಗಾಜು ಬದಲಾದರೆ ಬ್ಯಾಲೆನ್ಸ್ ಬದಲಾಗಲೇಬೇಕು ಎಂಬುದನ್ನು ಆರ್ಡರ್ ಹಾಳೆಯಲ್ಲೇ ಬರೆಸಿ.

ಲೆಕ್ಕ ಅಂದಾಜಿಗೆ ಮಾತ್ರ. ಮೊದಲ ಶಟರ್ ಗಾಜು, ರಬ್ಬರ್, ಲಾಕ್ ಸಮೇತ ತಯಾರಾದ ಮೇಲೆ ತಕ್ಕಡಿಯ ಮೇಲಿಟ್ಟು ತೂಗಿಸಿ. ಆ ತೂಕದ ಮೇಲೆ ಬ್ಯಾಲೆನ್ಸ್ ತರಿಸಿ. ಮೇಲಿನ ಮತ್ತು ಕೆಳಗಿನ ಶಟರ್ ಎರಡನ್ನೂ ಬೇರೆ ಬೇರೆ ತೂಗಬೇಕು. ಲಾಕ್ ಮತ್ತು ಹಿಡಿಕೆಯಿಂದ ಕೆಳಗಿನದು ಸಾಮಾನ್ಯವಾಗಿ ತುಸು ಹೆಚ್ಚು ತೂಗುತ್ತದೆ.

ಬ್ಯಾಲೆನ್ಸ್ ಮೂರು ಬಗೆ. ಸುರುಳಿ ಕಡ್ಡಿಯದು ಕೊಳವೆಯೊಳಗೆ ಸ್ಪ್ರಿಂಗ್ ಇರುವಂಥದು. ಕಡ್ಡಿ ತಿರುಗಿಸಿ ಬಿಗಿ ಹೆಚ್ಚು-ಕಡಿಮೆ ಮಾಡಬಹುದು. ದಾರ-ರಾಟೆಯದು ಚಾನೆಲ್ಲಿನೊಳಗೆ ಸ್ಪ್ರಿಂಗ್, ಸಣ್ಣ ರಾಟೆ, ದಾರ ಇರುವಂಥದು; ಇದರ ಬಿಗಿ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ತೂಕಕ್ಕೆ ತಕ್ಕ ನಂಬರು ನೋಡಿ ಕೊಳ್ಳಬೇಕು. ಮೂರನೆಯದರಲ್ಲಿ ಅಳತೆ ಟೇಪಿನಂತೆ ಸುತ್ತಿಕೊಳ್ಳುವ ಉಕ್ಕಿನ ಪಟ್ಟಿ ಇರುತ್ತದೆ. ಎಲ್ಲಿ ನಿಲ್ಲಿಸಿದರೂ ಒಂದೇ ಎಳೆತ. ಈ ಭಾಗದ ಮನೆಗಳಿಗೆ ಸುರುಳಿ ಕಡ್ಡಿಯದನ್ನು ಆರಿಸುವುದು ಒಳ್ಳೆಯದು. ತೂಕ ಅರ್ಧ ಕಿಲೋ ಅತ್ತಿತ್ತ ಆದರೂ ಸ್ಥಳದಲ್ಲೇ ಸರಿಪಡಿಸಬಹುದು. ಯಾವುದೇ ಬಗೆಯಾದರೂ ಒಂದು ಜೋಡಿ ಹೆಚ್ಚಿಗೆ ತರಿಸಿಡಿ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಲೈಡಿಂಗ್ ಗಾಲಿ ಸಿಗುವಷ್ಟು ಸಲೀಸಾಗಿ ಇವು ಸಿಗುವುದಿಲ್ಲ.

ಕಿಟಕಿಯ ತಳ ನೆಲಕ್ಕೆ ಹತ್ತಿರವಿದ್ದರೆ, ಬಚ್ಚಲುಮನೆಯಾದರೆ, ಮಕ್ಕಳು ಆಡುವ ಕೋಣೆಯಾದರೆ ಟಫನ್ಡ್ ಗಾಜೇ ಬೇಕು. ಗಾಜಿನ ಮೂಲೆಯಲ್ಲಿ ಐಎಸ್ 2553 ಗುರುತು ನೋಡಿ. ಟಫನ್ಡ್ ಗಾಜನ್ನು ಆಮೇಲೆ ಒಂದು ಕೂದಲೆಳೆಯಷ್ಟೂ ಕತ್ತರಿಸಲು ಬರುವುದಿಲ್ಲ. ಅಳತೆ ಖಚಿತವಾದ ಮೇಲೆಯೇ ಆರ್ಡರ್ ಕೊಡಿ.

ಅಳತೆ

ಗಿಲಾವು ಮುಗಿದು, ಕಿಟಕಿ ಕಟ್ಟೆಯ ಕಲ್ಲು ಕೂತ ಮೇಲೆ ಅಳೆಯಿರಿ. ಇಟ್ಟಿಗೆ ಗೋಡೆಯ ಅಳತೆ ಕೊಟ್ಟು ಆಮೇಲೆ ಗಿಲಾವಿನಲ್ಲಿ ಹೊಂದಿಸಿಕೊಳ್ಳುತ್ತೇವೆ ಎಂದರೆ ಒಂದು ಬದಿ ದಪ್ಪ, ಒಂದು ಬದಿ ತೆಳು ಆಗುತ್ತದೆ.

ಅಳತೆಯೆಲ್ಲ ಮಿಲಿಮೀಟರಿನಲ್ಲೇ ಇರಲಿ. ಅಡಿ, ಇಂಚು, ಸೂತ್ ಲೆಕ್ಕ ಬಾಯಲ್ಲಿ ಆಡಿದರೂ ಹಾಳೆಯ ಮೇಲೆ ಬೇಡ. ಒಂದು ಸೂತ್ ಅಂದರೆ ಇಂಚಿನ ಎಂಟನೇ ಭಾಗ, 3 ಮಿ.ಮೀಗಿಂತ ತುಸು ಹೆಚ್ಚು. ಈ ಕಿಟಕಿಯ ಚೌಕಟ್ಟಿಗೆ ಅಷ್ಟು ವ್ಯತ್ಯಾಸವೂ ಹೆಚ್ಚೇ.

ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಎತ್ತರವನ್ನು ಎಡ, ನಡು, ಬಲ. ಎರಡರಲ್ಲೂ ಅತಿ ಕಡಿಮೆ ಬಂದದ್ದನ್ನು ಹಿಡಿಯಿರಿ. ಅಗಲ 914, 911, 916 ಬಂದರೆ ಹಿಡಿಯಬೇಕಾದ್ದು 911. ಎತ್ತರ 1372, 1369, 1370 ಬಂದರೆ 1369. ಪ್ರತಿ ಬದಿಗೆ 5 ಮಿ.ಮೀ ಸಂದು ಬಿಟ್ಟು ಚೌಕಟ್ಟಿನ ಹೊರ ಅಳತೆ 901 × 1359 ಮಿ.ಮೀ. ಈ ಸಂದು ದಂಡವಲ್ಲ. ಅಲ್ಯೂಮಿನಿಯಂ ಬಿಸಿಲಿಗೆ ಹಿಗ್ಗುತ್ತದೆ: 1359 ಮಿ.ಮೀ ಪಟ್ಟಿಯ ತಾಪ 45 ಡಿಗ್ರಿ ಏರಿದರೆ ಸುಮಾರು 1.4 ಮಿ.ಮೀ ಬೆಳೆಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಕಪ್ಪು ಬಣ್ಣದ ಚೌಕಟ್ಟಿಗೆ ನಮ್ಮ ಮೇ ತಿಂಗಳಲ್ಲಿ ಅದು ಸಾಮಾನ್ಯ ಸಂಗತಿ. ಸಂದಿಗೆ ಸಿಮೆಂಟ್ ತುಂಬಿದರೆ ಹಿಗ್ಗಲು ಜಾಗವಿಲ್ಲದೆ ಪಟ್ಟಿ ಒಳಕ್ಕೆ ಬಾಗುತ್ತದೆ, ಶಟರ್ ಮಧ್ಯಾಹ್ನ ಬಿಗಿಯಾಗಿ ರಾತ್ರಿ ಸಡಿಲಾಗುತ್ತದೆ.

ಕೊನೆಗೆ ಓಪನಿಂಗಿನ ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸ 6 ಮಿ.ಮೀ ಒಳಗಿದ್ದರೆ ಪ್ಯಾಕಿಂಗ್‌ನಲ್ಲಿ (ಸಂದಿಗೆ ಇಡುವ ಪ್ಲಾಸ್ಟಿಕ್ ಚಕ್ಕೆಯಲ್ಲಿ) ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚಾದರೆ ಗೌಂಡಿಯನ್ನು ಕರೆಸಿ ಗಿಲಾವಿನ ಅಂಚು ಸರಿಮಾಡಿಸಿ. ವರ್ಕ್‌ಶಾಪಿನಿಂದ ಬಂದ ಚೌಕಟ್ಟಿನ ಕರ್ಣವನ್ನು ವಾಹನದಿಂದ ಇಳಿಸಿದ ತಕ್ಷಣ ನೋಡಿ: ಮೇಲಿನ ಅಳತೆಗೆ ಎರಡೂ ಕರ್ಣ 1630-1631 ಮಿ.ಮೀ ಬರಬೇಕು, ಒಂದಕ್ಕೊಂದು 2 ಮಿ.ಮೀಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಕಟ್ಟೆಯ ಕಲ್ಲು

ಇಳಕಲ್ ಗ್ರಾನೈಟ್ ಆಗಲಿ, ಕಡಪಾ ಕಲ್ಲಾಗಲಿ, ಕಲ್ಲಿನ ಜಾತಿಗಿಂತ ಇಳಿಜಾರು ಮುಖ್ಯ. 150 ಮಿ.ಮೀ ಅಗಲಕ್ಕೆ ಹೊರಗಡೆ 10ರಿಂದ 15 ಮಿ.ಮೀ ತಗ್ಗಿರಲಿ. ಗೋಡೆಯಿಂದ 40-50 ಮಿ.ಮೀ ಹೊರಚಾಚಲಿ. ಚಾಚಿದ ಭಾಗದ ಅಡಿಯಲ್ಲಿ, ಅಂಚಿನಿಂದ 20 ಮಿ.ಮೀ ಒಳಗೆ, ಕಟರ್‌ನಿಂದ ಒಂದು ಉದ್ದ ಗಾಡಿ ಕೊರೆಸಿ. ನೀರು ಕಲ್ಲಿನ ಅಡಿ ಹಿಡಿದು ಗೋಡೆಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈಋತ್ಯದ ಗಾಳಿಯೊಂದಿಗೆ ಮಳೆ ಅಡ್ಡಡ್ಡ ಹೊಡೆಯುತ್ತದೆ. ಆ ದಿಕ್ಕಿನ ಕಿಟಕಿಗೆ ಎರಡು ಅಡಿ ಸಜ್ಜಾ ಇಲ್ಲದೆ ಯಾವ ಕಿಟಕಿಯೂ ಪೂರ್ತಿ ತಡೆಯುವುದಿಲ್ಲ.

ಕೂರಿಸುವುದು

ಶಟರ್ ಹೊರತೆಗೆದು ಬರೀ ಚೌಕಟ್ಟನ್ನು ಓಪನಿಂಗಿನಲ್ಲಿ ನಿಲ್ಲಿಸಿ. ತಳದ ಎರಡೂ ಮೂಲೆಯ ಬಳಿ ಮತ್ತು ನಡುವೆ ಪ್ಲಾಸ್ಟಿಕ್ ಪ್ಯಾಕಿಂಗ್ ಇಡಿ. ಮರದ ಚಕ್ಕೆ ಬೇಡ. ನೆನೆದು ಉಬ್ಬುತ್ತದೆ, ಒಣಗಿ ಉದುರುತ್ತದೆ. ಸ್ಪಿರಿಟ್ ಲೆವೆಲ್ಲಿನಿಂದ ತಳದ ಮಟ್ಟ, ತೂಗುಗುಂಡಿನಿಂದ ಪಕ್ಕಗಳ ನೇರ ನೋಡಿ. ಪಕ್ಕದ ಪಟ್ಟಿ ಒಳ-ಹೊರ ದಿಕ್ಕಿನಲ್ಲೂ ನೆಟ್ಟಗಿರಬೇಕು. ಒಂದು ಪಕ್ಕ ಒಳಗೆ, ಇನ್ನೊಂದು ಹೊರಗೆ ವಾಲಿದರೆ ಚೌಕಟ್ಟು ತಿರುಚಿಕೊಳ್ಳುತ್ತದೆ, ಲಾಕ್ ಒಂದಕ್ಕೊಂದು ಸಿಗುವುದಿಲ್ಲ.

ಸ್ಕ್ರೂ ಜಾಗ: ಪ್ರತಿ ಮೂಲೆಯಿಂದ 150 ಮಿ.ಮೀ ಒಳಗೆ ಒಂದು, ಆಮೇಲೆ 500 ಮಿ.ಮೀಗೊಂದು. ನಮ್ಮ ಉದಾಹರಣೆಯ ಕಿಟಕಿಗೆ ಪ್ರತಿ ಪಕ್ಕಕ್ಕೆ ನಾಲ್ಕು, ತಲೆಗೆ ಮೂರು. ತಳದ ಪಟ್ಟಿಗೆ ಎಂದೂ ತೂತು ಹಾಕಬೇಡಿ. ನೀರು ಮೊದಲು ಇಳಿಯುವುದೇ ಆ ತೂತಿಗೆ. 8 ಮಿ.ಮೀ ದಪ್ಪ, 80ರಿಂದ 100 ಮಿ.ಮೀ ಉದ್ದದ ನೈಲಾನ್ ಫಾಸ್ಟನರ್ ಸಾಕು. ಬೆಳಗಾವಿ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು ಮೆದು. ತೂತು ಹಿಗ್ಗಿ ಫಾಸ್ಟನರ್ ತಿರುಗುತ್ತದೆ. ಮನೆ ಕಟ್ಟುವಾಗಲೇ ಓಪನಿಂಗಿನ ಪ್ರತಿ ಪಕ್ಕಕ್ಕೆ ಮೂರ್ನಾಲ್ಕು ಕಡೆ ಕಾಂಕ್ರೀಟ್ ತುಂಡು ಕೂರಿಸಿದರೆ ಈ ತೊಂದರೆ ಇರದು. ವಿಜಯಪುರದ ಕರಿಕಲ್ಲಿನ ಗೋಡೆಯಲ್ಲಿ ತದ್ವಿರುದ್ಧ: ಕಲ್ಲು ಗಟ್ಟಿ, ಅಂಚಿಗೆ ಹತ್ತಿರ ಹ್ಯಾಮರ್ ಡ್ರಿಲ್ ಹೊಡೆದರೆ ಚಕ್ಕೆ ಏಳುತ್ತದೆ. ಮೊದಲು ಹ್ಯಾಮರ್ ಇಲ್ಲದೆ ಸಣ್ಣ ಬಿಟ್‌ನಿಂದ ದಾರಿ ಮಾಡಿ.

ಪ್ರತಿ ಸ್ಕ್ರೂ ಹಿಂದೆ ಪ್ಯಾಕಿಂಗ್ ಇರಲೇಬೇಕು. ಖಾಲಿ ಸಂದಿನ ಮೇಲೆ ಸ್ಕ್ರೂ ಬಿಗಿದರೆ ಪಟ್ಟಿ ಗೋಡೆಯ ಕಡೆ ಎಳೆದುಕೊಂಡು ನಡುವಿನ ಅಗಲ 3-4 ಮಿ.ಮೀ ಹೆಚ್ಚುತ್ತದೆ. ಆಗ ವುಲ್ ಪೈಲ್ ಶಟರಿಗೆ ತಾಗದೆ ಧೂಳು, ಸೀಟಿ ಹೊಡೆಯುವ ಗಾಳಿ ಎರಡೂ ಬರುತ್ತವೆ. ಹಾಗಾಗಿ ಪ್ರತಿ ಸ್ಕ್ರೂ ಬಿಗಿದ ಮೇಲೂ ಒಳ ಅಗಲವನ್ನು ಮೇಲೆ, ನಡು, ಕೆಳಗೆ ಅಳೆಯಿರಿ. ಮೂರರಲ್ಲೂ 1 ಮಿ.ಮೀ ಒಳಗೆ ಹೊಂದಬೇಕು. ಎಲ್ಲ ಮುಗಿದ ಮೇಲೆ ಕರ್ಣ ಮತ್ತೊಮ್ಮೆ. ಇದಕ್ಕೆ ಹಿಡಿಯುವ ಹತ್ತು ನಿಮಿಷವನ್ನು ಯಾರೂ ಉಳಿಸಲು ಹೋಗಬಾರದು.

ಇನ್ನು ಶಟರ್. ಮೊದಲು ಮೇಲಿನದು ಹೊರಗಿನ ಗಾಡಿಗೆ, ನಂತರ ಕೆಳಗಿನದು ಒಳಗಿನ ಗಾಡಿಗೆ. ಎರಡೂ ಬದಿಯ ಶೂಗಳು ಒಂದೇ ಎತ್ತರದಲ್ಲಿ ಲಾಕ್ ಆಗಿವೆಯೇ ಎಂದು ತಳದಿಂದ ಟೇಪ್ ಹಿಡಿದು ನೋಡಿ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಶಟರ್ ಓರೆಯಾಗಿಯೇ ಓಡಾಡುತ್ತದೆ. ಶಟರನ್ನು ಒಳಗೆ ವಾಲಿಸಿ ಕಡ್ಡಿಗಳನ್ನು ಶೂಗಳಲ್ಲಿ ಕೂರಿಸಿ, ನೆಟ್ಟಗೆ ನಿಲ್ಲಿಸಿದಾಗ ಶೂ ಬಿಡುಗಡೆಯಾಗಿ ಭಾರ ಹಿಡಿಯುತ್ತದೆ. ಸುರುಳಿ ಕಡ್ಡಿಯ ಬಿಗಿ ಹೆಚ್ಚಿಸುವಾಗ ಒಮ್ಮೆಗೆ ಎರಡು ಸುತ್ತು, ಎರಡೂ ಬದಿಗೆ ಸಮ. ಕೈ ತಪ್ಪಿ ಬಿಟ್ಟರೆ ಕಡ್ಡಿ ಜೋರಾಗಿ ತಿರುಗಿ ಬೆರಳು ಸೀಳುತ್ತದೆ. ಕೈಗವಸು ಹಾಕಿಕೊಳ್ಳಿ, ಮುಖ ದೂರವಿಡಿ.

ಸರಿಯಾಗಿ ಕೂತ ಶಟರನ್ನು ತಳದಲ್ಲಿ, ನಡುವೆ, ಮೇಲೆ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ.

ಸಂದು ಮುಚ್ಚುವುದು, ನೀರಿನ ಪರೀಕ್ಷೆ

ಒಳಗಡೆ ಪಿಯು (ಪಾಲಿಯುರೆಥೇನ್) ಫೋಮ್ ಬಳಸುವುದಾದರೆ ಕಡಿಮೆ ಉಬ್ಬುವ ಕಿಟಕಿ ಫೋಮ್ ಮಾತ್ರ. ಅದನ್ನೂ ಸಂದಿನ ಅರ್ಧಕ್ಕೆ ನಿಲ್ಲಿಸಿ. ಫೋಮ್ ಉಬ್ಬಿ ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಇದುವರೆಗಿನ ಅಳತೆಯೆಲ್ಲ ವ್ಯರ್ಥ. ಹೊರಗಡೆ ಸಂದಿಗಿಂತ ಕಾಲುಭಾಗ ಹೆಚ್ಚು ದಪ್ಪದ ಫೋಮ್ ಹಗ್ಗ ಒತ್ತಿ, ಅದರ ಮೇಲೆ ನ್ಯೂಟ್ರಲ್ ಬಗೆಯ ವೆದರ್ ಸಿಲಿಕೋನ್. ವಿನೆಗರ್ ವಾಸನೆಯ ಸಿಲಿಕೋನ್ ಸಿಮೆಂಟಿನ ಗೋಡೆಗೆ ಹಿಡಿಯುವುದಿಲ್ಲ. ಗಿಲಾವಿನ ಪುಡಿ ಕುಂಚದಿಂದ ಜಾಡಿಸಿ, ಗೋಡೆ ಒಣಗಿರುವ ದಿನ ನೋಡಿ ಮಾಡಿ. ಬೆಳಗಾವಿಯ ಜುಲೈನಲ್ಲಿ ಎರಡು ದಿನ ಹೊಳವು ಸಿಗುವವರೆಗೆ ಕಾಯಬೇಕಾದರೂ ಕಾಯಿರಿ, ಹಸಿ ಗೋಡೆಯ ಮೇಲೆ ಹಾಕಿದ್ದು ಮುಂದಿನ ವರ್ಷ ಪಟ್ಟಿಯಾಗಿ ಎದ್ದು ಬರುತ್ತದೆ. ತಳದ ನೀರಿನ ತೂತುಗಳ ಮೇಲೆ ಸಿಲಿಕೋನ್ ಬಳಿಯದಂತೆ ಎದುರಿಗೇ ನಿಂತು ನೋಡಿಕೊಳ್ಳಿ. ಸೋರುವ ಹೊಸ ಕಿಟಕಿಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಒಂದು ದಿನ ಬಿಟ್ಟು ಪೈಪಿನಿಂದ ನೀರು ಬಿಡಿ. ಶುರು ಕೆಳಗಿನಿಂದ: ಮೊದಲು ತಳದ ಸಂದಿಗೆ ಹತ್ತು ನಿಮಿಷ, ನಂತರ ಪಕ್ಕ, ನಡುಪಟ್ಟಿ, ಕೊನೆಗೆ ತಲೆ. ಮೇಲಿನಿಂದ ಬಿಟ್ಟರೆ ಸೋರಿದ್ದು ಎಲ್ಲಿಂದ ಎಂದು ತಿಳಿಯುವುದಿಲ್ಲ. ಒಳಗೆ ಒಬ್ಬರು ಬ್ಯಾಟರಿ ಹಿಡಿದು, ಕಟ್ಟೆಯ ಮೇಲೆ ಒಣ ಪತ್ರಿಕೆ ಹಾಸಿ ನೋಡಲಿ. ತಳದ ಗಾಡಿಯಲ್ಲಿ ನೀರು ನಿಂತು ತೂತಿನಿಂದ ಹೊರಹೋದರೆ ಸರಿ, ಒಳಗಿನ ಅಂಚು ದಾಟಬಾರದು.

ಚೌಕಟ್ಟಿನ ಪ್ಲಾಸ್ಟಿಕ್ ಹಾಳೆಯನ್ನು ಬಣ್ಣದ ಕೆಲಸ ಮುಗಿದ ಕೂಡಲೇ ಕಿತ್ತುಬಿಡಿ. ಬೇಸಿಗೆಯ ಬಿಸಿಲಿಗೆ ಅಂಟು ಬೆಂದು ಆಮೇಲೆ ಏಳುವುದಿಲ್ಲ. ಸಿಮೆಂಟ್ ಸಿಡಿದರೆ ಹಸಿಯಿರುವಾಗಲೇ ಒರೆಸಿ, ಕಲೆ ಉಳಿದರೆ ಹೋಗದು. ಫರಸಿ, ಟೈಲ್ಸ್ ತೊಳೆಯುವ ಆ್ಯಸಿಡ್ ಈ ಕಿಟಕಿಯ ಹತ್ತಿರ ಸುಳಿಯಬಾರದು, ಅದರ ಹೊಗೆಯೂ ಅಲ್ಯೂಮಿನಿಯಂ ತಿನ್ನುತ್ತದೆ.

ಗ್ರಿಲ್ ಮತ್ತು ಜಾಳಿಗೆ

ಗ್ರಿಲ್ ಹೊರಗೇ ಇರಲಿ. ಒಳಗಡೆ ಹಾಕಿದರೆ ಶಟರ್ ಒಳಗೆ ವಾಲಿಸಿ ಗಾಜು ಒರೆಸುವ ಅನುಕೂಲವೇ ಹೋಗುತ್ತದೆ. ಪರದೆಯ ಕಡ್ಡಿಯೂ ಶಟರಿನ ದಾರಿಗೆ ಅಡ್ಡ ಬರದಂತೆ ನೋಡಿ. ಸೊಳ್ಳೆ ಜಾಳಿಗೆ ಶಟರಿಗೂ ಗ್ರಿಲ್‌ಗೂ ನಡುವೆ ಬರಬೇಕು, ಕೆಳಗಿನ ಶಟರ್ ವಾಲಿಸಿ ಒಳಗಿನಿಂದಲೇ ತೆಗೆಯುವಂತಿರಬೇಕು. ಮಲಗುವ ಕೋಣೆಯೊಂದರ ಗ್ರಿಲ್‌ಗಾದರೂ ಒಳಗಿನಿಂದ ತೆರೆಯುವ ಬಾಗಿಲು ಇಡಿಸಿ. ಬೆಂಕಿ ಹತ್ತಿದ ಹೊತ್ತಿಗೆ ಹೊರಬರಲು ದಾರಿ ಬೇಕು. ಮೇಲಂತಸ್ತಿನಲ್ಲಿ ಗ್ರಿಲ್ ಇಲ್ಲದಿದ್ದರೆ ಕೆಳಗಿನ ಶಟರ್ 100 ಮಿ.ಮೀಗಿಂತ ಹೆಚ್ಚು ಏಳದಂತೆ ತಡೆ ಹಾಕಿಸಿ, ಗಾಳಿಗೆ ಮೇಲಿನದನ್ನು ಇಳಿಸಿ.

ಕೆಟ್ಟಾಗ ನೋಡಬೇಕಾದ್ದು

ಕೆಳಗಿನ ಶಟರ್ ತಾನಾಗಿ ಇಳಿದರೆ ಬ್ಯಾಲೆನ್ಸ್ ಸೋತಿದೆ ಅಥವಾ ದಾರ ಹರಿದಿದೆ. ತಾನಾಗಿ ಮೇಲೇರಿದರೆ, ಮುಚ್ಚಲು ಒತ್ತಬೇಕಾದರೆ ಬಿಗಿ ಹೆಚ್ಚಾಗಿದೆ. ಒಂದೇ ಬದಿ ಮೊದಲು ಏಳುತ್ತಿದ್ದರೆ ಇನ್ನೊಂದು ಬದಿಯ ಬ್ಯಾಲೆನ್ಸ್ ಹೋಗಿದೆ, ಇಲ್ಲವೇ ಶೂ ಎತ್ತರ ತಪ್ಪಿದೆ. ಮೇಲಕ್ಕೂ ಕೆಳಕ್ಕೂ ಬಿಗಿಯಿದ್ದರೆ ಗಾಡಿಯಲ್ಲಿ ಧೂಳು ತುಂಬಿದೆ ಅಥವಾ ಪಕ್ಕದ ಪಟ್ಟಿ ಬಾಗಿದೆ. ಉದ್ದ ನೇರ ಪಟ್ಟಿ ಆನಿಸಿ ನೋಡಿದರೆ ಗೊತ್ತಾಗುತ್ತದೆ.

ಗಾಡಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಎರೆಹೊಲದ ಸಣ್ಣ ಧೂಳು ಅದಕ್ಕೆ ಅಂಟಿ ಕೆಸರಾಗುತ್ತದೆ. ಒಣ ಕುಂಚದಿಂದ ಜಾಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಒಣ ಸಿಲಿಕೋನ್ ಸ್ಪ್ರೇ. ಮುಂಗಾರಿಗೆ ಮೊದಲು, ಮೇ ಕೊನೆಯಲ್ಲಿ, ತಳದ ತೂತುಗಳಿಗೆ ತಂತಿ ಹಾಕಿ ತೆಗೆಯಿರಿ.

ಬ್ಯಾಲೆನ್ಸ್ ಬದಲಿಸುವಾಗ ಒಂದು ಬದಿಯದು ಮಾತ್ರ ಹೋಗಿದ್ದರೂ ಆ ಶಟರಿನ ಎರಡೂ ಬದಲಿಸಿ. ಹಳೆಯದು ಮತ್ತು ಹೊಸದು ಸಮವಾಗಿ ಎಳೆಯುವುದಿಲ್ಲ. ಶಟರ್ ಹೊರತೆಗೆಯುವ ಮುನ್ನ ಪೂರ್ತಿ ವಾಲಿಸಿ ಶೂಗಳು ಲಾಕ್ ಆದದ್ದನ್ನು ಖಚಿತಪಡಿಸಿಕೊಳ್ಳಿ. ಲಾಕ್ ಆಗದೆ ಎಳೆದರೆ ಶೂ ಸ್ಪ್ರಿಂಗಿನ ಜೋರಿಗೆ ಚಿಮ್ಮಿ ಚೌಕಟ್ಟಿನ ತಲೆಗೆ ಬಡಿಯುತ್ತದೆ, ಅದನ್ನು ಮತ್ತೆ ಕೆಳಗೆ ತರಲು ಇಬ್ಬರು ಬೇಕಾಗುತ್ತಾರೆ.